ಬೀಮ್ ಆರಿಸುವ ಮುಂಚೆ ಟ್ರಾಲಿಯ ಗಾಲಿ ನೋಡಿ

ಭಾರ ಎತ್ತುವ ಹಾಯ್ಸ್ಟನ್ನು ತೂಗುಹಾಕುವ ಬೀಮ್ ಬಗ್ಗೆ ಬರುವ ಪತ್ರಗಳಲ್ಲೆಲ್ಲ ಒಂದೇ ಮಾತು: "ಯಾವುದು ಗಟ್ಟಿ?" ಹಾಯ್ಸ್ಟನ್ನು ಹೊತ್ತು ಬೀಮಿನುದ್ದಕ್ಕೂ ಓಡುವ ಟ್ರಾಲಿ ಎಂಥದ್ದು, ಕಂಬದಿಂದ ಕಂಬಕ್ಕೆ ಎಷ್ಟು ದೂರ ಎಂದು ಯಾರೂ ಬರೆಯುವುದಿಲ್ಲ. ಈ ಸಲ ಒಬ್ಬರು ಬರೆದಿದ್ದಾರೆ. ಹೆಚ್ಚಿನ ಜಾಗ ಅವರಿಗೇ.

ಪ್ರಶ್ನೆ: ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ನಮ್ಮ ಮಷಿನ್ ಶಾಪ್ ಇದೆ. 2 ಟನ್ನಿನ ಎಲೆಕ್ಟ್ರಿಕ್ ಹಾಯ್ಸ್ಟ್, ಟೇಪರ್ (ಓರೆ ಮೈಯ) ಗಾಲಿಯ ಟ್ರಾಲಿ ತಂದಾಗಿದೆ. ಕಂಬಗಳ ಅಂತರ 6 ಮೀಟರ್. ಐಎಸ್‌ಎಂಬಿ 200 (200 ಮಿ.ಮೀ. ಎತ್ತರದ ಮಾಮೂಲಿ ಐ-ಬೀಮ್) ಸಾಕು ಅಂತಾರೆ ಫ್ಯಾಬ್ರಿಕೇಟರ್. ಪ್ಯಾರಲಲ್ ಫ್ಲೇಂಜ್ ಬೀಮ್ (ಫ್ಲೇಂಜ್, ಅಂದರೆ ಮೇಲಿನ ಕೆಳಗಿನ ಅಡ್ಡಪಟ್ಟಿ, ಸಮದಪ್ಪ ಇರುವುದು) ಹೊಸದು, ಅದೇ ಗಟ್ಟಿ ಅಂತಾರೆ ಸ್ಟೀಲ್ ಅಂಗಡಿಯವರು. ಯಾರ ಮಾತು ಕೇಳಲಿ?

ಇಬ್ಬರದೂ ಬೇಡ.

ಮೊದಲು ಅಂಗಡಿಯವರ ಮಾತು. 200 ಎತ್ತರ, 100 ಅಗಲದ ಪ್ಯಾರಲಲ್ ಬೀಮಿನ ಫ್ಲೇಂಜ್ ದಪ್ಪ 8.5 ಮಿ.ಮೀ. ಅದೇ ಅಳತೆಯ ಐಎಸ್‌ಎಂಬಿಯಲ್ಲಿ ಸರಾಸರಿ ಸುಮಾರು 10, ವೆಬ್ (ನಡುವಿನ ನಿಂತ ಪಟ್ಟಿ) ಹತ್ತಿರ ಇನ್ನೂ ದಪ್ಪ. ಗಾಲಿಯ ಭಾರಕ್ಕೆ ಫ್ಲೇಂಜ್ ಹೆಚ್ಚು ಬಾಗುವುದು ವೆಬ್ ಬುಡದಲ್ಲೇ. ಹೊಸದು ಅಂದಮಾತ್ರಕ್ಕೆ ಗಟ್ಟಿ ಎನ್ನುವುದು ಮಾರುವವರ ಮಾತು.

ನಿಮ್ಮ ಆಯ್ಕೆಯನ್ನು ಗಾಲಿಯೇ ಅರ್ಧ ಮುಗಿಸಿಬಿಟ್ಟಿದೆ. ಐಎಸ್‌ಎಂಬಿ ಫ್ಲೇಂಜಿನ ಒಳಮೈ ಅಂಚಿನಿಂದ ವೆಬ್ ಕಡೆಗೆ ಸುಮಾರು 8 ಡಿಗ್ರಿ ಏರುತ್ತದೆ. ಟೇಪರ್ ಗಾಲಿಯನ್ನು ಆ ಏರಿಗೆ ಒಪ್ಪುವಂತೆ ಕಡೆದಿರುತ್ತಾರೆ. ಅದನ್ನು ಸಮತಟ್ಟು ಫ್ಲೇಂಜ್ ಮೇಲೆ ಬಿಟ್ಟರೆ ಹೊರ ಅಂಚೊಂದೇ ತಗಲಿ, ಭಾರವೆಲ್ಲ ಫ್ಲೇಂಜಿನ ತುದಿಗೆ ಬೀಳುತ್ತದೆ. ಇಂಥದ್ದೊಂದು ಬೀಮನ್ನು ಏಣಿ ಹತ್ತಿ ನೋಡಿದ್ದೇನೆ. ಫ್ಲೇಂಜ್ ಅಂಚಿನುದ್ದಕ್ಕೂ ಉಗುರಗಲದ ಹೊಳೆಯುವ ಗೆರೆ, ಉಳಿದ ಕಡೆ ಪೇಂಟ್ ಹಾಗೇ ಇತ್ತು. ತಳಕ್ಕೆ ಅಡ್ಡಲಾಗಿ ಸ್ಟೀಲ್ ಸ್ಕೇಲ್ ಹಿಡಿದರೆ ನಡುವೆ ಬೆಳಕು ಕಾಣುತ್ತಿತ್ತು: ಎರಡೂ ಅಂಚು ಕೆಳಕ್ಕೆ ಬಾಗಿದ್ದವು. ಅದರ ಕೆಳಗೇ ಹುಡುಗರು ಲೇತ್ ಓಡಿಸುತ್ತಿದ್ದರು. ಅವತ್ತೇ ಹಾಯ್ಸ್ಟ್ ನಿಲ್ಲಿಸಿದೆ.

ಇದರ ತಿರುಗುಮುರುಗೂ ತಪ್ಪೇ. ಚಪ್ಪಟೆ ಗಾಲಿ ಐಎಸ್‌ಎಂಬಿ ಮೇಲೆ ವೆಬ್ ಕಡೆಯ ಅಂಚಿನಲ್ಲಷ್ಟೇ ಕೂತು ಬೇಗ ಸವೆಯುತ್ತದೆ. ಎರಡಕ್ಕೂ ಹೊಂದುವ, ಮೈ ಉಬ್ಬಿರುವ ಗಾಲಿಗಳೂ ಸಿಗುತ್ತವೆ. ಆದರೆ ಕ್ಯಾಟಲಾಗ್‌ನಲ್ಲಿ ಹಾಗೆಂದು ಬರೆದಿರಬೇಕು, ಬಾಯಿಮಾತು ನಡೆಯುವುದಿಲ್ಲ.

ಇನ್ನು ಫ್ಯಾಬ್ರಿಕೇಟರ್ ಹೇಳಿದ 200. ಹಾಯ್ಸ್ಟಿನ ತೂಕ 300 ಕೆ.ಜಿ. ಎಂದಿಟ್ಟು 2.3 ಟನ್ ನಡುಮಧ್ಯ ತೂಗಿದರೆ ಐಎಸ್‌ಎಂಬಿ 200 ಸುಮಾರು 23 ಮಿ.ಮೀ. ಜಗ್ಗುತ್ತದೆ, 250 ಸುಮಾರು 10, 300 ಆರರೊಳಗೆ. 50 ಟನ್‌ವರೆಗಿನ ಎಲೆಕ್ಟ್ರಿಕ್ ಕ್ರೇನಿನ ಗ್ಯಾಂಟ್ರಿಗೆ (ಕ್ರೇನ್ ಓಡುವ ಬೀಮಿಗೆ) ಐಎಸ್ 800, ಅಂದರೆ ಉಕ್ಕಿನ ಕಟ್ಟಡಗಳ ಭಾರತೀಯ ಮಾನದಂಡ, ಜಗ್ಗುವಿಕೆಗೆ ಕೊಡುವ ಮಿತಿ ಅಂತರದ 750ನೇ ಒಂದು ಪಾಲು. ನಿಮ್ಮಂಥ ಒಂಟಿ ಬೀಮಿಗೂ (ಮಾನೋರೈಲಿಗೂ) ನಾನು ಅದನ್ನೇ ಹಿಡಿಯುತ್ತೇನೆ. ನಿಮಗೆ ಅದು 8 ಮಿ.ಮೀ. ಕೈಯಿಂದ ಎಳೆಯುವ ಚೈನ್ ಬ್ಲಾಕಿಗಾದರೆ 500ನೇ ಪಾಲು, ಅಂದರೆ 12. ಆಗ 250 ಜಗ್ಗುವಿಕೆಯಲ್ಲಿ ಪಾಸಾಗುತ್ತಿತ್ತು. ಜಗ್ಗಿದ ಬೀಮಿನಲ್ಲಿ ಟ್ರಾಲಿ ತಾನಾಗೇ ನಡುವಿಗೆ ಜಾರುತ್ತದೆ.

ಹಾಗಾದರೆ 300 ತಂದು ಏರಿಸೋಣ ಎಂದು ಹೊರಡಬೇಡಿ. 6 ಮೀಟರ್ ಉದ್ದಕ್ಕೂ ಮೇಲಿನ ಫ್ಲೇಂಜಿಗೆ ಪಕ್ಕದ ಆಸರೆ ಇಲ್ಲದಿದ್ದರೆ ಬೀಮ್ ಮುರಿಯುವ ಮೊದಲೇ ಪಕ್ಕಕ್ಕೆ ತಿರುಚಿಕೊಳ್ಳುತ್ತದೆ, ತಾಳುವ ಶಕ್ತಿ ಅರ್ಧಕ್ಕಿಂತ ಕೆಳಗೂ ಇಳಿಯಬಹುದು. ಕೈಯಂದಾಜಿನವರು ಇದನ್ನು ಲೆಕ್ಕ ಹಾಕುವುದೇ ಇಲ್ಲ, ನನಗೆ ಸಿಟ್ಟು ಬರುವುದು ಇಲ್ಲೇ. ನಡುವೆ ಅಡ್ಡ ಬೀಮಿನಿಂದ ಕಟ್ಟಿಸಿ, ಇಲ್ಲವೇ ಮೇಲೆ ಚಾನಲ್ ಕವುಚಿ ವೆಲ್ಡ್ ಮಾಡಿಸಿ. ಯಾವುದು ಸಾಕು ಎಂಬುದನ್ನು ಸ್ಟ್ರಕ್ಚರಲ್ ಎಂಜಿನಿಯರ್ ಶೇಕಡಾ 25 ಇಂಪ್ಯಾಕ್ಟ್ (ಎತ್ತುವಾಗಿನ ಕುಲುಕಿನ ಹೆಚ್ಚುವರಿ ಭಾರ) ಸೇರಿಸಿ, ಗಾಲಿಯಡಿ ಫ್ಲೇಂಜ್ ಬಾಗುವುದನ್ನೂ ನೋಡಿ, ಸಹಿ ಹಾಕಿ ಕೊಡಲಿ. ಆ ಸಹಿ ಇಲ್ಲದೆ ನಾನಂತೂ ಕೆಳಗೆ ನಿಲ್ಲುವುದಿಲ್ಲ. 300ರ ಫ್ಲೇಂಜ್ ಅಗಲ 140 ಮಿ.ಮೀ., ಅಷ್ಟಕ್ಕೆ ನಿಮ್ಮ ಟ್ರಾಲಿ ತೆರೆಯುತ್ತದೆಯೇ ಎಂದು ಖರೀದಿಗೆ ಮುಂಚೆಯೇ ಅಳೆಯಿರಿ.

ಪ್ಯಾರಲಲ್ ಬೀಮ್ ನನಗೆ ಬೇಡವಾದದ್ದಲ್ಲ. ಅಗಲ ಫ್ಲೇಂಜಿನ ಡಬ್ಲ್ಯುಪಿಬಿ ಪಕ್ಕಕ್ಕೆ ಚೆನ್ನಾಗಿ ನಿಲ್ಲುತ್ತದೆ, ಬೋಲ್ಟಿಗೆ ಟೇಪರ್ ವಾಷರ್ ಬೇಕಿಲ್ಲ. ಚಪ್ಪಟೆ ಗಾಲಿಯ ಟ್ರಾಲಿ ತರುವವರು ಅದನ್ನೇ ತನ್ನಿ.

ಪ್ರಶ್ನೆ: ಗುಜರಿಯಲ್ಲಿ ಹಳೇ ಬೀಮ್ ಅರ್ಧ ಬೆಲೆಗೆ ಸಿಗುತ್ತಿದೆ. ತರಬಹುದೇ?

ಬೇಡ. ಎಷ್ಟು ಸವೆದಿದೆ, ಎಲ್ಲಿ ಗ್ಯಾಸ್ ಕಟ್ ಆಗಿದೆ ಎಂದು ಪೇಂಟ್ ಬಳಿದ ಮೇಲೆ ತಿಳಿಯದು.

ಪ್ರಶ್ನೆ: ಎರಡು ಸಿ-ಚಾನಲ್ ಬೆನ್ನಿಗೆ ಬೆನ್ನು ಕೂಡಿಸಿ ಅಲ್ಲಲ್ಲಿ ವೆಲ್ಡ್ ಮಾಡಿದರೆ ಐ-ಬೀಮ್ ಆಗುವುದಿಲ್ಲವೇ?

ನೋಟಕ್ಕೆ ಆಗುತ್ತದೆ. ಗಾಲಿಯ ಭಾರ ಬಿದ್ದಾಗ ಆ ವೆಲ್ಡೇ ಬಿಡುತ್ತದೆ.

ಪ್ರಶ್ನೆ: ಬೀಮಿನ ತುದಿಯಲ್ಲಿ ಸ್ಟಾಪರ್ ಬೇಕೇಬೇಕೇ? ನಮ್ಮ ಆಪರೇಟರ್ ಅನುಭವಸ್ಥರು.

ಬೇಕು, ಎರಡೂ ತುದಿಗೆ. ಹಾಕಿಸುವವರೆಗೆ ಹಾಯ್ಸ್ಟಿನ ಮೇನ್ ಸ್ವಿಚ್ ಆಫ್ ಮಾಡಿ ಬೀಗ ಹಾಕಿ.