ಅಯಾನ್ ಟ್ರ್ಯಾಪ್ ಚಿಪ್‌ನೊಳಗೇ ಲೇಸರ್ ಹರಿಸುವುದು ಯಾಕೆ? ತೊಂದರೆ ಎಲ್ಲಿ?

ಅಯಾನ್ ಟ್ರ್ಯಾಪ್ ಎಂದರೆ ಅಯಾನುಗಳನ್ನು (ವಿದ್ಯುದಾವೇಶವಿರುವ ಪರಮಾಣುಗಳನ್ನು) ವಿದ್ಯುತ್ ಕ್ಷೇತ್ರದಲ್ಲಿ ತೇಲಿಸಿ ಹಿಡಿದಿಡುವ ಸಾಧನ; ಕ್ವಾಂಟಂ ಕಂಪ್ಯೂಟರಿನಲ್ಲಿ ಈ ಅಯಾನುಗಳ ಮೇಲೆ ಲೇಸರ್ ಬಿಟ್ಟು ಲೆಕ್ಕಾಚಾರದ ಹೆಜ್ಜೆಗಳನ್ನು, ಅಂದರೆ ಗೇಟ್ ಗಳನ್ನು, ನಡೆಸುತ್ತಾರೆ. ಹೊರಗಿನ ಕನ್ನಡಿಗಳ ಮೂಲಕ ಲೇಸರ್ ಹಾಯಿಸಿದರೆ, ಮೇಜು ತುಸು ಅದುರಿದರೂ ಕಿರಣ ಅಲುಗಿ ಗೇಟ್ ಕೆಡುತ್ತದೆ. ಬೆಳಕನ್ನು ಒಯ್ಯುವ ಸಣ್ಣ ಕಾಲುವೆ, ಅಂದರೆ ವೇವ್‌ಗೈಡ್, ಚಿಪ್‌ನಲ್ಲೇ ಇದ್ದರೆ ಅಯಾನು, ಕಿರಣ ಎರಡೂ ಒಟ್ಟಿಗೇ ಅದುರುತ್ತವೆ. 2020ರಲ್ಲಿ ಜ್ಯೂರಿಕ್‌ನ ಇಟಿಎಚ್ ವಿಶ್ವವಿದ್ಯಾಲಯದ ತಂಡ 729 ನ್ಯಾನೊಮೀಟರ್ ಬೆಳಕನ್ನು ಸಿಲಿಕಾನ್ ನೈಟ್ರೈಡ್ ವೇವ್‌ಗೈಡಿನಲ್ಲಿ ತಂದು, ಗ್ರೇಟಿಂಗ್‌ನಿಂದ (ಸೂಕ್ಷ್ಮ ಗೀರುಗಳ ಸಾಲಿನಿಂದ) ಮೇಲಕ್ಕೆ ಚಿಮ್ಮಿಸಿ, 50 ಮೈಕ್ರೊಮೀಟರ್ ಎತ್ತರದಲ್ಲಿ ತೇಲುವ ಎರಡು ಕ್ಯಾಲ್ಸಿಯಂ ಅಯಾನುಗಳ ಗೇಟನ್ನು ಶೇ 99.3ರಷ್ಟು ನಿಖರವಾಗಿ ನಡೆಸಿತು. ನೇರಳಾತೀತ ಬೆಳಕಿಗೆ ಮಾತ್ರ ನೈಟ್ರೈಡ್ ಆಗದು, ನುಂಗಿಬಿಡುತ್ತದೆ, ಅಲ್ಯೂಮಿನಾ (ಅಲ್ಯೂಮಿನಿಯಂ ಆಕ್ಸೈಡ್) ಬೇಕು.

ನಿಜವಾದ ತಲೆನೋವು ಬೆಳಕು ಹೊರಬರುವ ಕಿಂಡಿಯದು. ಅಲ್ಲಿನ, ವಿದ್ಯುತ್ ಹರಿಯದ ಆಕ್ಸೈಡ್ ಮೇಲೆ ವಿದ್ಯುದಾವೇಶ ಕೂಡಿಕೊಂಡು ಅಯಾನನ್ನು ಪಕ್ಕಕ್ಕೆ ತಳ್ಳುತ್ತದೆ. ಇಂಡಿಯಂ ಟಿನ್ ಆಕ್ಸೈಡಿನ ಪಾರದರ್ಶಕ ವಾಹಕ ಪದರ ಹೊದಿಸಿದರೆ ಈ ತೊಂದರೆ ತಗ್ಗುತ್ತದೆ. ಗ್ರೇಟಿಂಗ್ ಕೋನ ತಪ್ಪಿತೋ, ತಿರುಗಿಸಲು ಸ್ಕ್ರೂ ಇಲ್ಲ! ಅಯಾನನ್ನು ಟ್ರ್ಯಾಪ್‌ನ ಉದ್ದಕ್ಕೆ ಸರಿಸಿ ಕಿರಣಕ್ಕೆ ಹೊಂದಿಸಬಹುದು. ಎತ್ತರ ಬದಲಿಸಿದರೆ ಮೈಕ್ರೊಮೋಷನ್ (ಟ್ರ್ಯಾಪ್ ಹಿಡಿದಿಡುವ ವಿದ್ಯುತ್ ಕ್ಷೇತ್ರದಿಂದಲೇ ಅಯಾನು ವೇಗವಾಗಿ ಅಲುಗಾಡುವುದು) ಕಾಡುತ್ತದೆ.