ಡೆಬಿಯನ್‌ನಲ್ಲಿ ನೇರ ಅಪ್‌ಲೋಡ್ ಹಕ್ಕು ಪಡೆಯುವುದು ಹೇಗೆ?

ಸ್ವಯಂಸೇವಕರು ಕಟ್ಟುವ ಮುಕ್ತ ಆಪರೇಟಿಂಗ್ ಸಿಸ್ಟಂ ಆದ ಡೆಬಿಯನ್‌ನಲ್ಲಿ ಎರಡು ವರ್ಷದಿಂದ ಒಂದು ಪ್ಯಾಕೇಜ್ (ಇನ್‌ಸ್ಟಾಲ್ ಮಾಡಲು ಸಿದ್ಧಪಡಿಸಿದ ತಂತ್ರಾಂಶದ ಕಟ್ಟು) ನೋಡಿಕೊಳ್ಳುತ್ತಿದ್ದೇನೆ, ಅದನ್ನು ನಾನೇ ಅಪ್‌ಲೋಡ್ ಮಾಡುವ ಹಕ್ಕು ಯಾವಾಗ ಸಿಗುತ್ತದೆ ಎಂದು ಕೇಳಿದ್ದೀರಿ. ತಾನಾಗಿ ಸಿಗುವುದಿಲ್ಲ. ಡೆಬಿಯನ್‌ನಲ್ಲಿ ಸೇವಾ ಹಿರಿತನದ ಬಡ್ತಿ ಇಲ್ಲ. ನೀವೇ ಅರ್ಜಿ ಹಾಕಬೇಕು, ನಿಮ್ಮ ಪರವಾಗಿ ಒಬ್ಬ ಡೆವಲಪರ್, ಅಂದರೆ ಯೋಜನೆಯ ಪೂರ್ಣ ಸದಸ್ಯರು, ಶಿಫಾರಸು ಬರೆಯಬೇಕು.

ಸಾಮಾನ್ಯವಾಗಿ ಆ ಶಿಫಾರಸು ಬರುವುದು ಈಗ ನಿಮ್ಮ ಕೆಲಸವನ್ನು ಪರಿಶೀಲಿಸಿ, ತಮ್ಮ ಸಹಿ ಹಾಕಿ ಅಪ್‌ಲೋಡ್ ಮಾಡುತ್ತಿರುವ ಸ್ಪಾನ್ಸರ್‌ರಿಂದ. ಪ್ರತಿ ಸಲವೂ ಅದೇ ತಪ್ಪು ತಿದ್ದುವಂತಾದರೆ ಅವರು ಹಿಂಜರಿಯುತ್ತಾರೆ. ತಿದ್ದಲು ಏನೂ ಸಿಗದಂತಾದಾಗ ಎಷ್ಟೋ ಸಲ ಅವರೇ ಮಾತು ತೆಗೆಯುತ್ತಾರೆ. ದೋಷ ವರದಿಗಳಿಗೆ ನೀವು ಉತ್ತರಿಸುವ ರೀತಿಯನ್ನೂ ಗಮನಿಸುತ್ತಾರೆ. ಕೋಡ್ ಚೆನ್ನಾಗಿದ್ದು ಮಾತು ಒರಟಾದವರಿಗೆ ದಾರಿ ಉದ್ದ, ಅದು ಸರಿಯೇ ಎನ್ನುವವನು ನಾನು.

ಮೊದಲ ಮೆಟ್ಟಿಲು ಡೆಬಿಯನ್ ಮೇಂಟೇನರ್. 2007ರಲ್ಲಿ ಬಂದ ಈ ಸ್ಥಾನದಲ್ಲಿ, ಡೆವಲಪರ್ ಒಬ್ಬರು ಅನುಮತಿ ಕೊಟ್ಟ ಪ್ಯಾಕೇಜ್‌ಗಳನ್ನಷ್ಟೇ ಅಪ್‌ಲೋಡ್ ಮಾಡಬಹುದು. ನಿಮಗೆ ಸದ್ಯಕ್ಕೆ ಇದೇ ಸಾಕು. ಪೂರ್ಣ ಡೆವಲಪರ್ ಆಗಲು ಯೋಜನೆಯ ತತ್ವ, ನಿಯಮ, ತಾಂತ್ರಿಕ ಕೌಶಲ ಮೂರನ್ನೂ ಕೆದಕಿ ನೋಡುತ್ತಾರೆ, ತಿಂಗಳುಗಳೇ ಹಿಡಿಯಬಹುದು.

ಅಪ್‌ಲೋಡ್ ಮಾಡಿದ್ದು ನೀವೇ ಎಂದು ತೋರಿಸುವ ನಿಮ್ಮ ಗೂಢಲಿಪಿ ಕೀಲಿಗೆ ಡೆವಲಪರ್‌ಗಳ ಸಹಿಯೂ ಬೇಕು. ಗುರುತು ಖಚಿತಪಡಿಸಿಕೊಳ್ಳಲು ಅದಕ್ಕೆ ಮುಖತಃ ಭೇಟಿಯೇ ವಾಡಿಕೆಯಾದ್ದರಿಂದ ಇದನ್ನು ಕೊನೆಗೆ ಉಳಿಸಿಕೊಳ್ಳಬೇಡಿ.