ಕ್ಯಾಮೆರಾ ‘ಹಾರಿತು’ ಅಂತ ಬರೆಯುವ ಮೊದಲು

ನಮಸ್ಕಾರ.

ಗುಸ್ತಾಫ್ ಮೊಲಾಂಡರ್ ನಿರ್ದೇಶನದ ಸ್ವೀಡಿಷ್ ಹಾಡುಚಿತ್ರ ‘ಫ್ರೀಡಾಸ್ ವೀಸರ್’ (ಫ್ರೀಡಾಳ ಹಾಡುಗಳು, 1930) ಕುರಿತ ನಿಮ್ಮ ಲೇಖನ ತಲುಪಿತು. ವಿಷಯದ ಆಯ್ಕೆ ಚೆನ್ನಾಗಿದೆ, ಭಾಷೆಯೂ ಸಲೀಸು. ಎರಡನೇ ಪುಟದಲ್ಲಿ ಮಾತ್ರ ಸಿಟ್ಟು ಬಂತು.

“ಮೊಲಾಂಡರ್ ಕ್ಯಾಮೆರಾ ಹಾಡಿನ ಲಯಕ್ಕೆ ಹಕ್ಕಿಯಂತೆ ಹಾರುತ್ತದೆ.” ಯಾವ ಹಾಡಿನಲ್ಲಿ? ಯಾವ ಶಾಟ್‌ನಲ್ಲಿ? ಆ ಕಾಲದ ಕ್ಯಾಮೆರಾ ಗರಗರ ಸದ್ದು ಮಾಡುತ್ತಿತ್ತು. ಮೈಕ್‌ಗೆ ಅದು ಕೇಳಿಸದಿರಲಿ ಎಂದು ದಪ್ಪ ಹೊದಿಕೆಯಲ್ಲೋ ಗಾಜಿನ ಕಿಟಕಿಯ ಗೂಡಿನಲ್ಲೋ ಇಡುತ್ತಿದ್ದರು. ಹಾಡುವವರ ತುಟಿ ಕಾಣುತ್ತಿದ್ದು ಧ್ವನಿಯನ್ನು ಅಲ್ಲೇ ಹಿಡಿದಿದ್ದರೆ, ಹಾರಾಟ ಸುಲಭವಲ್ಲ. ಹಾರಿದ್ದೇ ನಿಜವಾದರೆ ಆ ಶಾಟನ್ನು ಮೂಕವಾಗಿ ತೆಗೆದು ಆಮೇಲೆ ಹಾಡು ಕೂಡಿಸಿರುವ ಸಾಧ್ಯತೆಯೇ ಹೆಚ್ಚು. ಎರಡರಲ್ಲಿ ಯಾವುದು ಅಂತ ನೋಡಿ ಬರೆಯಿರಿ.

ಅದರ ಬೆನ್ನಿಗೇ “ಸಂಕಲನ ನೀರಿನಂತೆ ಸರಾಗ.” ಫಿಲ್ಮಿನ ಮೇಲೇ ಧ್ವನಿ ಮುದ್ರಿಸಿದ ಪ್ರಿಂಟ್‌ನಲ್ಲಿ, ಅಂದರೆ ಪ್ರದರ್ಶನದ ಪ್ರತಿಯಲ್ಲಿ, ಧ್ವನಿ ತನ್ನ ಚಿತ್ರಕ್ಕಿಂತ ಸುಮಾರು 20 ಫ್ರೇಮ್ (ಒಂದೊಂದು ಬಿಡಿ ಚಿತ್ರ) ಮುಂದಿರುತ್ತದೆ. ಸೆಕೆಂಡಿಗೆ 24 ಫ್ರೇಮ್. ಚಿತ್ರ ನೋಡಿಕೊಂಡು ಪ್ರಿಂಟ್‌ಗೆ ಕತ್ತರಿ ಹಾಕಿದರೆ ಸೆಕೆಂಡಿನ ಮುಕ್ಕಾಲು ಪಾಲಿಗಿಂತ ಹೆಚ್ಚು ಹಾಡು ಹೋಯಿತೆಂದೇ ಲೆಕ್ಕ. ಹಾಗಾಗಿ ಚಿತ್ರಕ್ಕೊಂದು, ಧ್ವನಿಗೊಂದು ನೆಗೆಟಿವ್; ಅಂಟಿಸಿದ ಜಾಗ ‘ಟಪ್’ ಅನ್ನದಿರಲು ಧ್ವನಿಪಟ್ಟಿಗೆ ಕಪ್ಪು ಬಣ್ಣ. ಇಷ್ಟೆಲ್ಲ ತಾಪತ್ರಯವಿದ್ದಾಗ ಒಂದು ಶಾಟ್‌ನಿಂದ ಇನ್ನೊಂದಕ್ಕೆ ಹೋಗುವ ಒಂದೊಂದು ಕಟ್ಟೂ ಯೋಚಿಸಿ ಹಾಕಿದ್ದು.

“ಕಾವ್ಯಾತ್ಮಕ ಶೈಲಿ” ಮೂರು ಸಲ ಬಂದಿದೆ. ನಾನು ಕೆಲಸ ಕಲಿಯುವಾಗ ಇಂಥ ಮಾತಿನ ಪಕ್ಕ ಹಿರಿಯರೊಬ್ಬರು ‘ಎಲ್ಲಿ?’ ಅಂತಷ್ಟೇ ಗೀಚಿ ಪ್ರತಿ ವಾಪಸು ಕೊಡುತ್ತಿದ್ದರು. ನಾನೂ ಅದನ್ನೇ ಕೇಳುತ್ತೇನೆ. ಮೊಲಾಂಡರ್ ನಿರ್ದೇಶನಕ್ಕೆ ಬಂದದ್ದು ಚಿತ್ರಕಥೆಯ ದಾರಿಯಿಂದ: 1917ರಲ್ಲಿ ನಿರ್ದೇಶಕ ಶೋಸ್ಟ್ರೋಮ್ ಜೊತೆ, 1919ರಲ್ಲಿ ಇನ್ನೊಬ್ಬ ನಿರ್ದೇಶಕ ಸ್ಟಿಲ್ಲರ್ ಜೊತೆ. ಸಿನಿಮಾ ತಾರೆ ಗ್ರೇಟಾ ಗಾರ್ಬೋ ಓದಿದ ಸ್ಟಾಕ್‌ಹೋಮ್ ನಾಟಕಶಾಲೆಯಲ್ಲಿ ನಟನೆ ಕಲಿಸಿದವರು. ಇಂಥವರ ಶೈಲಿಯನ್ನು ನಟರ ಮುಖದಲ್ಲಿ ಹುಡುಕುವುದು ಬಿಟ್ಟು ನೀವು ಮೋಡ, ಸರೋವರ ಅಂತ ಅಲೆದಿದ್ದೀರಿ.

ಮೂಲದ ಹಾಡುಗಳು ಬಿರ್ಗರ್ ಶೋಬೆರಿ ಎಂಬ ಕವಿಯವು, 1922ರ ಪುಸ್ತಕದವು. ಅಂಗಡಿಯ ಗುಮಾಸ್ತನೊಬ್ಬ ತನ್ನ ಫ್ರೀಡಾಳಿಗಾಗಿ ಹಾಡುತ್ತಾನೆ. ಕವಿ ತಾನೇ ಗಿಟಾರ್ ಹಿಡಿದು ಹಾಡುತ್ತಿದ್ದ. ಪುಸ್ತಕದಲ್ಲಿ ಒಬ್ಬನೇ ‘ನಾನು’. ಪರದೆಯ ಮೇಲೆ ಒಂದೊಂದು ಹಾಡೂ ಯಾರ ಬಾಯಿಗೆ ಹೋಯಿತು, ಆಗ ಕೇಳುವವರ ಮುಖ ಎಷ್ಟು ಹೊತ್ತು ಕಾಣುತ್ತದೆ? ನಿಮ್ಮ ಲೇಖನ ಇರಬೇಕಾದದ್ದು ಇಲ್ಲಿ. ಇದಕ್ಕೆ ನೀವು ಕೊಟ್ಟದ್ದು ಒಂದೇ ಸಾಲು!

ಒಂದೇ ಹಾಡು ಆರಿಸಿಕೊಳ್ಳಿ. ಸ್ಟಾಪ್‌ವಾಚ್ ಹಿಡಿದು ಪ್ರತಿ ಕಟ್ಟಿನ ಹೊತ್ತು, ತುಟಿ ಕಾಣುತ್ತದೋ ಇಲ್ಲವೋ, ಕ್ಯಾಮೆರಾ ಅಲುಗಿತೋ ಇಲ್ಲವೋ, ಎಲ್ಲ ಗುರುತು ಹಾಕಿ. ಆ ಪಟ್ಟಿಯನ್ನೂ ಲೇಖನದ ಜೊತೆ ಕಳಿಸಿ.